ಬ್ರೂಕ್ ಆಸ್ಟರ್ ಪ್ರಕರಣ: ಕೊಟ್ಟ ಕೈಯ ಲೆಕ್ಕ, ಕೊನೆಗಾಲದ ಕಾಗದ

1997ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ವಿನ್ಸೆಂಟ್ ಆಸ್ಟರ್ ಫೌಂಡೇಶನ್ ಬಾಗಿಲು ಹಾಕಿತು. ದಿವಾಳಿಯೆದ್ದು ಹಾಕಿದ್ದಲ್ಲ, ಇದ್ದ ಹಣವನ್ನೆಲ್ಲ ಹಂಚಿ ಮುಗಿಸಿ ಹಾಕಿದ್ದು. ಸುಮಾರು ನಾಲ್ಕು ದಶಕಗಳಲ್ಲಿ ಅದು ಕೊಟ್ಟ ಮೊತ್ತ ಹತ್ತಿರ ಹತ್ತಿರ 19.5 ಕೋಟಿ ಡಾಲರ್. ಅದನ್ನು ನಡೆಸಿಕೊಂಡು ಬಂದ ಬ್ರೂಕ್ ಆಸ್ಟರ್ ಅವರಿಗೆ ಆಗ 95 ವರ್ಷ. ಮುಂದಿನ ವರ್ಷವೇ ಅಮೆರಿಕದ ಅತ್ಯುನ್ನತ ನಾಗರಿಕ ಗೌರವವಾದ ಪ್ರೆಸಿಡೆನ್ಷಿಯಲ್ ಮೆಡಲ್ ಆಫ್ ಫ್ರೀಡಂ ಅವರಿಗೆ ಸಂದಿತು.

2006ರ ಜುಲೈನಲ್ಲಿ ಅವರ ಮೊಮ್ಮಗ ಫಿಲಿಪ್ ಮಾರ್ಷಲ್ ಮ್ಯಾನ್‌ಹಟನ್ನಿನ ಕೋರ್ಟಿನಲ್ಲಿ ಒಂದು ಅರ್ಜಿ ಹಾಕಿದರು. 104 ವರ್ಷದ ಅಜ್ಜಿಯನ್ನು ಸರಿಯಾಗಿ ನೋಡಿಕೊಳ್ಳುತ್ತಿಲ್ಲ, ಅವರಿಗೊಬ್ಬ ಪಾಲಕರನ್ನು ನೇಮಿಸಬೇಕು ಎಂಬುದು ಕೋರಿಕೆ. ಅಜ್ಜಿಯನ್ನು ಆವರೆಗೆ ನೋಡಿಕೊಳ್ಳುತ್ತಿದ್ದವರು ಅರ್ಜಿದಾರರ ತಂದೆ, ಬ್ರೂಕ್ ಅವರ ಒಬ್ಬನೇ ಮಗ ಆಂಥನಿ ಮಾರ್ಷಲ್.

ಪತ್ರಿಕೆಗಳು ಇದನ್ನು ಶ್ರೀಮಂತರ ಮನೆಜಗಳವೆಂದು ಬರೆದವು. ಉಯಿಲು, ಟ್ರಸ್ಟ್, ವೃದ್ಧರ ಆರೈಕೆಯ ಕೆಲಸ ಬಲ್ಲವರಿಗೆ ಇದರಲ್ಲಿ ಬೇರೆಯದೇ ಕಾಣುತ್ತದೆ. ಪರರಿಗೆ ಕೊಡುವ ಹಣವನ್ನು ಸ್ವತಃ ಹೋಗಿ, ಕಣ್ಣಾರೆ ನೋಡಿ ಕೊಟ್ಟವರು ಬ್ರೂಕ್. ಮರೆವು ಶುರುವಾದ ಮೇಲೆ ಅವರ ಸ್ವಂತ ಹಣದ ಮೇಲೆ ಎರಡನೆಯವರ ಕಣ್ಣೇ ಇರಲಿಲ್ಲ. ಮುಂದೆ ನಡೆದ ಅನಾಹುತವೆಲ್ಲ ಹುಟ್ಟಿದ್ದು ಇಲ್ಲಿಂದ.

ಹಣ ಬಂದ ದಾರಿ

ರಾಬರ್ಟಾ ಬ್ರೂಕ್ ರಸೆಲ್ ಹುಟ್ಟಿದ್ದು 1902ರ ಮಾರ್ಚ್ 30ರಂದು, ನ್ಯೂ ಹ್ಯಾಂಪ್‌ಶೈರಿನ ಪೋರ್ಟ್ಸ್‌ಮತ್‌ನಲ್ಲಿ. ತಂದೆ ಮರೀನ್ ಪಡೆಯ ಅಧಿಕಾರಿ. ಅವರ ವರ್ಗಾವಣೆಗಳ ಜೊತೆಗೆ ಮಗಳ ಬಾಲ್ಯವೂ ಊರೂರು ಸುತ್ತಿತು. ಒಂದಷ್ಟು ಕಾಲ ಬೀಜಿಂಗಿನಲ್ಲೂ ಕಳೆಯಿತು. ಹದಿನೇಳಕ್ಕೆ ಮದುವೆ. ಹಿಂಸೆಯ ಆ ಸಂಸಾರ 1930ರಲ್ಲಿ ವಿಚ್ಛೇದನದಲ್ಲಿ ಮುಗಿಯಿತು. 1924ರಲ್ಲಿ ಹುಟ್ಟಿದ ಆಂಥನಿ ಆ ಮದುವೆಯ ಮಗು. ಎರಡನೆಯ ಗಂಡ, ಷೇರು ದಲ್ಲಾಳಿ ಚಾರ್ಲ್ಸ್ ಮಾರ್ಷಲ್, 1952ರಲ್ಲಿ ತೀರಿಕೊಂಡರು. ಮಗ ಇಟ್ಟುಕೊಂಡ ಮನೆತನದ ಹೆಸರು ಅವರದೇ.

1953ರಲ್ಲಿ ವಿನ್ಸೆಂಟ್ ಆಸ್ಟರ್ ಜೊತೆ ಮೂರನೆಯ ಮದುವೆ. ವಿನ್ಸೆಂಟ್ ಅವರ ತಂದೆ ಟೈಟಾನಿಕ್ ಹಡಗಿನಲ್ಲಿ ತೀರಿಹೋದ ನಾಲ್ಕನೆಯ ಜಾನ್ ಜೇಕಬ್ ಆಸ್ಟರ್. ಆ ಮನೆತನದ ಹಣ ಮೊದಲು ತುಪ್ಪುಳ ಚರ್ಮದ ವ್ಯಾಪಾರದಿಂದ, ಆಮೇಲೆ ಮ್ಯಾನ್‌ಹಟನ್ನಿನ ಜಮೀನು ಮತ್ತು ಬಾಡಿಗೆಯಿಂದ ಬಂದದ್ದು. 1959ರ ಫೆಬ್ರವರಿಯಲ್ಲಿ ವಿನ್ಸೆಂಟ್ ತೀರಿಕೊಂಡಾಗ ಮಕ್ಕಳಿರಲಿಲ್ಲ. ಆಸ್ತಿಯ ದೊಡ್ಡ ಪಾಲು ಎರಡಾಯಿತು: ಒಂದು ಹೆಂಡತಿಯ ಜೀವನಕ್ಕೆ, ಇನ್ನೊಂದು 1948ರಲ್ಲೇ ಹುಟ್ಟುಹಾಕಿದ್ದ ಫೌಂಡೇಶನ್ನಿಗೆ. ಫೌಂಡೇಶನ್ನಿನ ಪಾಲೇ 6 ಕೋಟಿ ಡಾಲರ್ ದಾಟಿತ್ತು. ವಿನ್ಸೆಂಟರ ಕೈಯಲ್ಲಿದ್ದ ‘ನ್ಯೂಸ್‌ವೀಕ್’ ಪತ್ರಿಕೆಯ ಪಾಲನ್ನು 1961ರಲ್ಲಿ ವಾಷಿಂಗ್ಟನ್ ಪೋಸ್ಟ್ ಕಂಪನಿಗೆ ಮಾರಲಾಯಿತು.

ಹೊಸ ವಿಧವೆ ಹೆಸರಿಗೆ ಮಾತ್ರ ಕುರ್ಚಿಯಲ್ಲಿ ಕೂರುತ್ತಾರೆ, ವ್ಯವಹಾರ ಹಳಬರು ನಡೆಸುತ್ತಾರೆ ಎಂಬ ನಿರೀಕ್ಷೆ ಸುತ್ತಲಿನವರಿಗಿತ್ತು. ಅದು ಸುಳ್ಳಾಯಿತು.

ಕೊಡುವ ಪದ್ಧತಿ

ಅವರ ಮೊದಲ ನಿಯಮ ಭೂಗೋಳದ್ದು. ಆಸ್ಟರ್ ಹಣ ನ್ಯೂಯಾರ್ಕ್ ನೆಲದಿಂದ ಬಂದದ್ದು, ಹಾಗಾಗಿ ಬಹುಪಾಲು ಅಲ್ಲೇ ಖರ್ಚಾಗಬೇಕು. ಸಣ್ಣದಾಗಿ ಕಂಡರೂ ಈ ನಿಯಮ ಕೆಲಸವನ್ನು ಬಹಳ ಹಗುರ ಮಾಡುತ್ತದೆ. ದೇಶದ ಮೂಲೆಮೂಲೆಯ ಅರ್ಜಿಗಳನ್ನು ತಿರಸ್ಕರಿಸಲು ಕಾರಣ ಹುಡುಕಬೇಕಿಲ್ಲ, ಉಳಿದವನ್ನು ಕಾರಿನಲ್ಲಿ ಹೋಗಿ ನೋಡಿ ಬರಬಹುದು.

ಎರಡನೆಯ ನಿಯಮ ಅದೇ: ಹೋಗಿ ನೋಡುವುದು. ಕಚೇರಿಯಲ್ಲಿ ಬೆರಳೆಣಿಕೆಯ ಸಿಬ್ಬಂದಿ. 1970ರ ದಶಕದಿಂದ ಕೊನೆಯವರೆಗೆ ನಿರ್ದೇಶಕಿಯಾಗಿದ್ದವರು ಲಿಂಡಾ ಗಿಲೀಸ್. ಅರ್ಜಿ ಪರಿಶೀಲನೆಗೆ ಬಂದರೆ ಬ್ರೂಕ್ ಆ ಜಾಗಕ್ಕೇ ಹೋಗುತ್ತಿದ್ದರು: ಹಾರ್ಲೆಮ್, ಸೌತ್ ಬ್ರಾಂಕ್ಸ್, ಲೋಯರ್ ಈಸ್ಟ್ ಸೈಡ್. ಹೋಗುವಾಗ ಟೋಪಿ, ಕೈಗವಸು, ಮುತ್ತಿನ ಸರ ಎಲ್ಲ ಇರಲೇಬೇಕು. ಬಡವರ ಓಣಿಗೆಂದು ಉಡುಪು ಇಳಿಸಿಕೊಂಡು ಹೋದರೆ ಅವರನ್ನು ಕೀಳಾಗಿ ಕಂಡಂತೆ ಎಂಬುದು ಅವರ ವಾದ. ಇದನ್ನು ಶೋಕಿ ಎಂದವರುಂಟು. ಆದರೆ ಯಾರನ್ನೋ ಮಾತಾಡಿಸಲು ಹೊರಟಾಗ ನಮ್ಮವರೂ ಮಡಿಕೆ ಬಿಚ್ಚಿದ ಸೀರೆಯನ್ನೇ ಉಡುವುದು. ಎದುರಿನವರಿಗೆ ಬೆಲೆ ಕೊಟ್ಟಂತೆ ಎಂದೇ.

ಕೊಟ್ಟದ್ದರಲ್ಲಿ ದೊಡ್ಡದೂ ಇತ್ತು, ಬಾಯ್ಲರ್, ಕಿಟಕಿ, ಬೆಂಕಿ ಬಿದ್ದರೆ ಇಳಿಯುವ ಹೊರಮೆಟ್ಟಿಲಿನಂಥ ಸಣ್ಣದೂ ಇತ್ತು. ಸಣ್ಣದನ್ನು ಕೇಳಲು ಬರುವ ಸಂಸ್ಥೆಗಳಿಗೆ ದಾನಿಗಳು ಸಿಗುವುದು ಕಷ್ಟ. ಬಾಯ್ಲರ್ ಮೇಲೆ ಹೆಸರು ಕೆತ್ತಿಸಿ ಯಾರಿಗೆ ತೋರಿಸುವುದು? ಚಳಿಗಾಲದಲ್ಲಿ ಕಟ್ಟಡ ತೆರೆದಿರುವುದು ಮಾತ್ರ ಅದರಿಂದಲೇ. ಹಣ ಗೊಬ್ಬರದ ಹಾಗೆ, ಹರಡಿದರೆ ಮಾತ್ರ ಉಪಯೋಗ ಎಂಬ ನಾಟಕದ ಮಾತೊಂದು ಅವರ ಬಾಯಲ್ಲಿ ಸದಾ ಇರುತ್ತಿತ್ತು.

ದೊಡ್ಡ ಕೆಲಸಗಳಲ್ಲಿ ಮೆಟ್ರೊಪಾಲಿಟನ್ ಮ್ಯೂಸಿಯಂನ ಆಸ್ಟರ್ ಕೋರ್ಟನ್ನು ಹತ್ತಿರದಿಂದ ನೋಡಬೇಕು. ಬೀಜಿಂಗಿನಲ್ಲಿ ಕಂಡ ಅಂಗಳಗಳ ನೆನಪಿನಿಂದ ಹುಟ್ಟಿದ ಕಲ್ಪನೆ ಅದು. ಮಾದರಿ, ಸೂಜೌ ನಗರದ ‘ಬಲೆಗಳ ಒಡೆಯ’ನ ತೋಟದ ಒಂದು ಅಂಗಳ. ನಕ್ಷೆ ನೋಡಿ ಸೀದಾ ಕಟ್ಟಲಿಲ್ಲ. ಮೊದಲು ಸೂಜೌನಲ್ಲೇ ಅದೇ ಅಳತೆಯ ಇಡೀ ಮಾದರಿ ಎಬ್ಬಿಸಿ ನೋಡಿದರು. ಇಟ್ಟಿಗೆ, ಹೆಂಚಿಗಾಗಿ ಹಳೆಯ ಅರಸರ ಕಾಲದ ಗೂಡನ್ನು ಮತ್ತೆ ಹೊತ್ತಿಸಿದರು. ಕಂಬಗಳಿಗೆ ಅಪರೂಪದ ನಾನ್ ಮರ ತರಿಸಿದರು. ಎಲ್ಲವೂ ಹಡಗಿನಲ್ಲಿ ಬಂದ ಮೇಲೆ ಸೂಜೌನ ಕುಶಲಕರ್ಮಿಗಳೇ ನ್ಯೂಯಾರ್ಕಿಗೆ ಬಂದು 1980ರಲ್ಲಿ ಜೋಡಿಸಿದರು. 1981ರಲ್ಲಿ ಜನರಿಗೆ ತೆರೆಯಿತು. ಮಾದರಿಗೂ, ಕಚ್ಚಾವಸ್ತುವಿಗೂ, ಬಲ್ಲ ಕೈಗಳಿಗೂ ಮೊದಲೇ ಹಣ ಎತ್ತಿಟ್ಟ ಯೋಜನೆಗಳು ಹೀಗೆ ಉಳಿಯುತ್ತವೆ.

ಎಲ್ಲವೂ ಉಳಿಯಲಿಲ್ಲ. ಲೋಯರ್ ಈಸ್ಟ್ ಸೈಡಿನ ಜೇಕಬ್ ರೀಸ್ ಸರ್ಕಾರಿ ವಸತಿ ಸಮುಚ್ಚಯದಲ್ಲಿ 1966ರಲ್ಲಿ ಆಸ್ಟರ್ ಹಣದಿಂದ ಒಂದು ಬಯಲು ಚೌಕ ಸಿದ್ಧವಾಯಿತು. ವಿನ್ಯಾಸ ಪಾಲ್ ಫ್ರೀಡ್‌ಬರ್ಗ್ ಅವರದು. ಮಕ್ಕಳಿಗೆ ಹತ್ತಿಳಿಯುವ ಆಟದ ಜಾಗ, ದೊಡ್ಡವರಿಗೆ ಕೂರುವ ಕಟ್ಟೆ, ಬಯಲು ರಂಗ. ದೇಶವೆಲ್ಲ ಬಂದು ನೋಡಿತು. ಕಟ್ಟಲು ದಾನಿ ಇದ್ದರು. ವರ್ಷವರ್ಷದ ಗುಡಿಸು, ರಿಪೇರಿ, ಕಾವಲಿಗೆ ಅಂಥ ದಾನಿ ಇರಲಿಲ್ಲ. ಕೆಲವು ದಶಕಗಳಲ್ಲಿ ಅದು ಹಾಳುಬಿದ್ದು, ಕೊನೆಗೆ ಕಿತ್ತುಹಾಕಲಾಯಿತು. ನಮ್ಮ ಊರುಗಳಲ್ಲಿ ದಾನಿಗಳ ಹೆಸರು ಹೊತ್ತು ಬೀಗ ಜಡಿದು ನಿಂತ ಸಮುದಾಯ ಭವನಗಳ ರೋಗವೂ ಇದೇ.

1970ರ ದಶಕದಲ್ಲಿ ನಗರದ ಬೊಕ್ಕಸ ಬರಿದಾಗಿ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿ ಸೊರಗಿತ್ತು: ತೆರೆದಿರುವ ಹೊತ್ತು ಕಡಿಮೆ, ಕಟ್ಟಡ ಕೊಳೆ. 1981ರಲ್ಲಿ ವಾರ್ಟನ್ ಗ್ರೆಗೋರಿಯನ್ ಅದರ ಅಧ್ಯಕ್ಷರಾದರು. ಬ್ರೂಕ್ 1983ರಲ್ಲಿ ಬೇರೆ ಆಡಳಿತ ಮಂಡಳಿಗಳಿಂದ ಹೊರಬಂದು ಲೈಬ್ರರಿಯೊಂದಕ್ಕೇ ನಿಂತರು. ಫೌಂಡೇಶನ್ನಿನಿಂದ ಅದಕ್ಕೆ ಹೋದದ್ದು 2 ಕೋಟಿ ಡಾಲರಿಗೂ ಮಿಕ್ಕಿ. ಹಣಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಅವರ ಹಾಜರಿ. ಅವರು ಕರೆದ ಊಟಕ್ಕೆ ಊರಿನ ಶ್ರೀಮಂತರೆಲ್ಲ ಬರುತ್ತಿದ್ದರು, ಬಂದವರು ಚೆಕ್ ಬರೆಯುತ್ತಿದ್ದರು. ಗಣ್ಯ ಸಮಾಜದ ಹೆಂಗಸು ಎಂಬ ಪಟ್ಟವನ್ನು ಊರಿನ ಕೆಲಸಕ್ಕೆ ದುಡಿಸಿಕೊಂಡ ಬಗೆ ಇದು, ಇದಕ್ಕೆ ಜಾಣ್ಮೆ ಬೇಕು.

ಫೌಂಡೇಶನ್ ಮುಚ್ಚುವ ತೀರ್ಮಾನವೂ ಯೋಚಿಸಿ ಮಾಡಿದ್ದು. ತಾನು ನೋಡಲಾರದ ದಿನ ಬಂದರೆ, ನೋಡದೆ ಕೊಡುವ ಕೈಗೆ ಅದನ್ನು ಒಪ್ಪಿಸುವುದು ಅವರಿಗೆ ಬೇಡವಾಗಿತ್ತು. ಈ ಮುಂದಾಲೋಚನೆ ಅವರ ಸ್ವಂತ ಖಾತೆಗೆ ಮಾತ್ರ ತಲುಪಲಿಲ್ಲ.

ಒಂದೇ ಕೈಯಲ್ಲಿ ಎಲ್ಲ ಬೀಗದ ಕೈ

ಆಂಥನಿ ಮಾರ್ಷಲ್ ಸಾಮಾನ್ಯರಲ್ಲ. ಎರಡನೆಯ ಮಹಾಯುದ್ಧದಲ್ಲಿ ಇವೊ ಜಿಮಾದಲ್ಲಿ ಗಾಯಗೊಂಡವರು, ಮುಂದೆ ಕೀನ್ಯಾ ಮತ್ತಿತರ ದೇಶಗಳಲ್ಲಿ ಅಮೆರಿಕದ ರಾಯಭಾರಿಯಾಗಿದ್ದವರು. ಬಹುಕಾಲದಿಂದ ತಾಯಿಯ ಹೂಡಿಕೆ ನೋಡಿಕೊಳ್ಳುತ್ತಿದ್ದರು, ಅದಕ್ಕೆ ಸಂಬಳವನ್ನೂ ಪಡೆಯುತ್ತಿದ್ದರು. ಪವರ್ ಆಫ್ ಅಟಾರ್ನಿ ಅವರ ಹೆಸರಿನಲ್ಲಿತ್ತು. ಆರೈಕೆಯ ಖರ್ಚು ಮಂಜೂರು ಮಾಡುವವರೂ ಅವರೇ, ತಾಯಿ ತೀರಿಕೊಂಡ ಮೇಲೆ ಆಸ್ತಿ ಪಡೆಯುವವರಲ್ಲಿ ಮುಖ್ಯರೂ ಅವರೇ.

ಇಂಥ ಏರ್ಪಾಡು ಸಾವಿರಾರು ಮನೆಗಳಲ್ಲಿ ತೊಂದರೆಯಿಲ್ಲದೆ ನಡೆಯುತ್ತದೆ, ನಡೆಯುವುದು ಮನುಷ್ಯರ ಒಳ್ಳೆಯತನದಿಂದ. ಏರ್ಪಾಡಿನೊಳಗೆ ತಡೆ ಯಾವುದೂ ಇಲ್ಲ. ಇಂದು ತಾಯಿಗಾಗಿ ಖರ್ಚು ಮಾಡುವ ಒಂದೊಂದು ಡಾಲರೂ ನಾಳೆ ಮಗನಿಗೆ ಬರುವ ಪಾಲಿನಿಂದಲೇ ಹೋಗುತ್ತದೆ.

2000ದ ಡಿಸೆಂಬರ್‌ನಲ್ಲಿ ಆಂಥನಿಯೇ ತಾಯಿಯ ಮರೆವು, ಗೊಂದಲಗಳನ್ನು ವಿವರಿಸಿ ವೈದ್ಯರಿಗೆ ಪತ್ರ ಬರೆದರು. ಅಲ್ಜೈಮರ್ ಎಂಬ ನಿರ್ಣಯವೂ ಆಯಿತು. ಈ ಪತ್ರ ಮುಂದೆ ಅವರಿಗೇ ತಿರುಗಿ ಬಿತ್ತು: ತಾಯಿಯ ಬುದ್ಧಿ ಮಂಕಾಗಿದೆ ಎಂದು ಬರಹದಲ್ಲಿ ತಿಳಿಸಿದವರೇ ಆಮೇಲಿನ ವರ್ಷಗಳಲ್ಲಿ ಆಕೆ ಸಹಿ ಹಾಕಿದ ಕಾಗದಗಳಿಂದ ಲಾಭ ಪಡೆದರು.

ಮೊದಲು ಹೋದದ್ದು ಒಂದು ಚಿತ್ರ. 1917ರಲ್ಲಿ ಧ್ವಜಗಳಿಂದ ತುಂಬಿದ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂ ಬೀದಿಯನ್ನು ಚಿತ್ರಕಾರ ಚೈಲ್ಡ್ ಹ್ಯಾಸಮ್ ಬರೆದದ್ದು, ಅದು ಬ್ರೂಕ್ ಅವರ ಮೆಚ್ಚಿನ ಚಿತ್ರ. ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಕೊಡುವುದಾಗಿ ಹೇಳಿದ್ದರು. 2002ರಲ್ಲಿ ಅದು 1 ಕೋಟಿ ಡಾಲರಿಗೆ ಒಬ್ಬ ಗ್ಯಾಲರಿ ಮಾಲೀಕರ ಪಾಲಾಯಿತು. ಮಗ ಪಡೆದ ಕಮಿಷನ್ 20 ಲಕ್ಷ ಡಾಲರ್. ಅದೇ ಚಿತ್ರ ಆಮೇಲೆ ಸುಮಾರು ದುಪ್ಪಟ್ಟು ಬೆಲೆಗೆ ಕೈ ಬದಲಾಯಿಸಿತು. ಹಣ ಮುಗಿಯುತ್ತಿದೆ ಎಂದು ತಾಯಿಯನ್ನು ನಂಬಿಸಿದ್ದರು ಎಂದು ಸರ್ಕಾರಿ ವಕೀಲರು ವಾದಿಸಿದರು. 2003ರಲ್ಲಿ ಮೇನ್ ರಾಜ್ಯದ ಕಡಲತೀರದ ಬೇಸಿಗೆ ಮನೆ ಕೋವ್ ಎಂಡ್ ಮಗನ ಹೆಸರಿಗೆ, ಅಲ್ಲಿಂದ ಸೊಸೆಯ ಹೆಸರಿಗೆ ಹೋಯಿತು.

ಮೂರು ತಿಂಗಳು, ಮೂರು ತಿದ್ದುಪಡಿ

2002ರ ಜನವರಿ 30ರ ಉಯಿಲಿನಲ್ಲಿ ಮಗನಿಗೆ ಜೀವನಪೂರ್ತಿ ದೊಡ್ಡ ವರಮಾನವಿತ್ತು. ಆತನ ನಂತರ ಅಸಲು ದಾನಸಂಸ್ಥೆಗಳಿಗೆ. ಅದಕ್ಕೆ ಮೂರು ಪೂರಕ ಉಯಿಲುಗಳು, ಕೋಡಿಸಿಲ್ ಎನ್ನುತ್ತಾರಲ್ಲ ಅವು, ಒಂದರ ಹಿಂದೊಂದು ಬಂದವು.

2003ರ ಡಿಸೆಂಬರ್ 18: ದಾನಕ್ಕೆಂದು ಇಟ್ಟದ್ದರಲ್ಲಿ ಒಂದು ದೊಡ್ಡ ಭಾಗವನ್ನು ಯಾರಿಗೆ ಕೊಡಬೇಕೆಂದು ತೀರ್ಮಾನಿಸುವ ಅಧಿಕಾರ ಮಗನಿಗೆ. ಬರೆದವರು ಕುಟುಂಬದ ಹಳೆಯ ವಕೀಲರು. 2004ರ ಜನವರಿ 12: ಉಳಿದ ಆಸ್ತಿ, ಸುಮಾರು 6 ಕೋಟಿ ಡಾಲರ್, ಟ್ರಸ್ಟಿನ ಹಂಗಿಲ್ಲದೆ ನೇರವಾಗಿ ಮಗನಿಗೆ. ಈ ಹೊತ್ತಿಗೆ ವಕೀಲರು ಬದಲಾಗಿದ್ದರು. ಆಂಥನಿಯ ಕಡೆಯ ಫ್ರಾನ್ಸಿಸ್ ಮಾರಿಸ್ಸಿ ನಡುವೆ ಬಂದಿದ್ದರು. 2004ರ ಮಾರ್ಚ್ 3: ಮನೆಗಳನ್ನು ಮಾರಿ ಬಂದ ಹಣವನ್ನು ಅದೇ ಉಳಿದ ಆಸ್ತಿಗೆ ಸೇರಿಸಬೇಕು.

ಒಂದೊಂದನ್ನೇ ಓದಿದರೆ ಹೆಜ್ಜೆ ಚಿಕ್ಕದು. ಮೂರನ್ನೂ ಪಕ್ಕಪಕ್ಕದಲ್ಲಿಟ್ಟರೆ ಹಣ ಒಂದೇ ದಿಕ್ಕಿಗೆ ಹರಿಯುವುದು ಕಾಣುತ್ತದೆ. ಜೀವನವಿಡೀ ಊರಿಗೆ ಕೊಟ್ಟ ಹೆಂಗಸು 101ನೆಯ ವಯಸ್ಸಿನಲ್ಲಿ ಮೂರೇ ತಿಂಗಳಲ್ಲಿ ಊರಿನ ಪಾಲನ್ನು ಕಡಿಯುತ್ತಾರೆ. ಅದೇ ಹೊತ್ತಿಗೆ ಹಳೆಯ ವಕೀಲರು ಹೊರಗೆ, ಹೊಸ ವಕೀಲರು ಒಳಗೆ. ಈ ಕಸುಬಿನಲ್ಲಿರುವ ಯಾರಿಗಾದರೂ ಕಿವಿ ನೆಟ್ಟಗಾಗಬೇಕಾದ ಲಕ್ಷಣಗಳಿವು.

ಆದರೂ ತಡೆಯಲಿಲ್ಲ ಏಕೆ? ನ್ಯೂಯಾರ್ಕ್ ಕಾನೂನಿನಲ್ಲಿ ಉಯಿಲಿಗೆ ಬೇಕಾದದ್ದು ಕೊನೆಯಲ್ಲಿ ಸಹಿ, ಇಬ್ಬರು ಸಾಕ್ಷಿಗಳು. ವಕೀಲರ ಸಮ್ಮುಖದಲ್ಲಿ ನಡೆದರೆ ಎಲ್ಲ ಕ್ರಮಬದ್ಧ ಎಂದೇ ಕೋರ್ಟ್ ಮೊದಲು ಭಾವಿಸುತ್ತದೆ. ಬುದ್ಧಿಸ್ವಾಸ್ಥ್ಯದ ಅಳತೆಯೂ ಕೆಳಮಟ್ಟದ್ದು: ಮಾಡುತ್ತಿರುವ ಕೆಲಸ ಏನು, ತನ್ನ ಆಸ್ತಿ ಸ್ಥೂಲವಾಗಿ ಎಷ್ಟು, ತನ್ನವರು ಯಾರು ಎಂಬುದು ಆ ಗಳಿಗೆಗೆ ಗೊತ್ತಿದ್ದರೆ ಸಾಕು. ಮರೆವಿನ ಕಾಯಿಲೆಯವರಿಗೂ ತಿಳಿ ಗಳಿಗೆಗಳು ಇರುತ್ತವೆ ಎಂಬ ವಾದ ಇಲ್ಲಿ ನಿಲ್ಲುತ್ತದೆ. ಪ್ರತಿವಾದಿಗಳು ಅದನ್ನೇ ಹಿಡಿದರು. ಸಹಿಯ ದಿನ ಸ್ವತಂತ್ರ ವೈದ್ಯರು ಪರೀಕ್ಷಿಸಿ ಬರೆದಿಟ್ಟಿದ್ದರೆ, ಲಾಭ ಪಡೆಯುವವರ ಕಡೆಗೆ ಸೇರದ ವಕೀಲರು ಆಕೆಯೊಬ್ಬರನ್ನೇ ಕೂರಿಸಿ ‘ನಿಮ್ಮ ಮಾತಿನಲ್ಲಿ ಹೇಳಿ’ ಎಂದು ಕೇಳಿದ್ದರೆ, ಕಾಗದ ಗಟ್ಟಿಯಾಗುತ್ತಿತ್ತು, ಇಲ್ಲವೇ ಹುಟ್ಟುತ್ತಲೇ ಇರಲಿಲ್ಲ.

ಪವರ್ ಆಫ್ ಅಟಾರ್ನಿ ವಿಷಯದಲ್ಲಿ ಕನ್ನಡದ ಓದುಗರು, ಅದರಲ್ಲೂ ಅಪ್ಪ ಅಮ್ಮ ಇಲ್ಲಿ, ಮಕ್ಕಳು ಅಮೆರಿಕದಲ್ಲಿ ಇರುವ ಮನೆಯವರು, ಒಂದು ವ್ಯತ್ಯಾಸ ತಿಳಿದಿರಬೇಕು. ಅಲ್ಲಿ ಬರೆದವರ ಬುದ್ಧಿ ಹೋದ ಮೇಲೂ ಊರ್ಜಿತವಾಗಿ ಉಳಿಯುವ ಪವರ್ ಆಫ್ ಅಟಾರ್ನಿ ಇದೆ. ವೃದ್ಧರು ಅದನ್ನು ಮಾಡಿಸುವುದೇ ಆ ದಿನಕ್ಕಾಗಿ. ನಮ್ಮ ಕರಾರು ಕಾಯ್ದೆಯ 201ನೇ ಸೆಕ್ಷನ್ ಪ್ರಕಾರ ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಅಲ್ಲಿಗೆ ಮುಗಿಯಿತು. ಅಮ್ಮನಿಗೆ ಮರೆವು ಬಲಿತ ಮೇಲೂ ಹಳೆಯ ಜಿಪಿಎ ಹಿಡಿದು ಸೈಟು ಮಾರುವವರು ಇದನ್ನು ಅಲಕ್ಷಿಸುತ್ತಾರೆ, ಕೊಂಡವರು ಆಮೇಲೆ ಕೋರ್ಟು ಅಲೆಯುತ್ತಾರೆ.

ಪಾಲಕರ ನೇಮಕ

ಫಿಲಿಪ್ ಅರ್ಜಿ ಹಾಕಿದ್ದು ನ್ಯೂಯಾರ್ಕಿನ ಮಾನಸಿಕ ಆರೋಗ್ಯ ಕಾನೂನಿನ 81ನೇ ಅಧ್ಯಾಯದ ಕೆಳಗೆ. ಅದರ ಕ್ರಮ ಹೀಗಿದೆ: ಅರ್ಜಿಯ ಜೊತೆ ಕೋರ್ಟಿನ ಆದೇಶ ಹೊರಡುತ್ತದೆ, 28 ದಿನಗಳೊಳಗೆ ವಿಚಾರಣೆ ನಿಗದಿಯಾಗಬೇಕು, ಕೋರ್ಟ್ ತನ್ನದೇ ಒಬ್ಬ ಪರಿಶೀಲಕರನ್ನು ಮನೆಗೆ ಕಳಿಸುತ್ತದೆ, ಸಾಕ್ಷ್ಯ ನಿಚ್ಚಳವಾಗಿರಬೇಕು, ಪಾಲಕರಿಗೆ ಬೇಕಾದಷ್ಟೇ ಅಧಿಕಾರ, ಅದಕ್ಕಿಂತ ಒಂದು ಹಿಡಿಯೂ ಹೆಚ್ಚಿಲ್ಲ. ಕಾಯಿಲೆಯ ಹೆಸರು ಮುಖ್ಯವಲ್ಲ. ಉಣ್ಣಲು, ಓಡಾಡಲು, ಹಣ ನೋಡಿಕೊಳ್ಳಲು ವ್ಯಕ್ತಿಗೆ ಏನಾಗುತ್ತದೆ, ಏನಾಗುವುದಿಲ್ಲ ಎಂಬುದು ಮುಖ್ಯ.

ಅರ್ಜಿಯ ತೂಕ ಇದ್ದದ್ದು ಅದರ ಜೊತೆಗಿದ್ದ ಅಫಿಡವಿಟ್‌ಗಳಲ್ಲಿ. ಬ್ಯಾಂಕರ್ ಡೇವಿಡ್ ರಾಕ್‌ಫೆಲರ್, ಅಮೆರಿಕದ ಮಾಜಿ ವಿದೇಶಾಂಗ ಸಚಿವ ಹೆನ್ರಿ ಕಿಸಿಂಜರ್, ಆಪ್ತ ಗೆಳತಿ ಆನೆಟ್ ಡಿ ಲಾ ರೆಂಟಾ ಅರ್ಜಿಯನ್ನು ಬೆಂಬಲಿಸಿದರು. ಆದರೆ ದಿನದಿನದ ವಿವರ ಗೊತ್ತಿದ್ದದ್ದು ದಾದಿಯರಿಗೆ, ಮನೆಗೆಲಸದವರಿಗೆ. ಮಲಗುವ ಸೋಫಾದ ವಾಸನೆ, ಕಡಿತವಾದ ಔಷಧಿ, ಒಳಗೆ ಕೂಡಿಹಾಕಿದ ಪ್ರೀತಿಯ ನಾಯಿಗಳು, ಇಷ್ಟದ ಹಾಲಿ ಹಿಲ್ ಮನೆಗೆ ಹೋಗಲಾಗದ್ದು: ಅರ್ಜಿಯಲ್ಲಿದ್ದ ಆರೋಪಗಳು ಇಂಥವು. ವೃದ್ಧರ ಪ್ರಕರಣಗಳಲ್ಲಿ ಪಾಳಿಯ ದಾದಿ ಬರೆದಿಡುವ ದಿನಚರಿಗಿಂತ ದೊಡ್ಡ ಸಾಕ್ಷಿ ಅಪರೂಪ.

ನ್ಯಾಯಮೂರ್ತಿ ಜಾನ್ ಸ್ಟ್ಯಾಕ್‌ಹೌಸ್ ಹೊಣೆಯನ್ನು ಎರಡಾಗಿ ಒಡೆದರು. ದೇಹದ ಆರೈಕೆಗೆ ಆನೆಟ್ ಡಿ ಲಾ ರೆಂಟಾ, ಹಣಕ್ಕೆ ಜೆಪಿ ಮಾರ್ಗನ್ ಚೇಸ್ ಬ್ಯಾಂಕ್. ಖರ್ಚು ಮಾಡಿ ಎನ್ನುವವರು ಒಬ್ಬರು, ಖರ್ಚಿನ ಲೆಕ್ಕ ಇಡುವವರು ಇನ್ನೊಬ್ಬರು. ಇಬ್ಬರಿಗೂ ಆಸ್ತಿಯಲ್ಲಿ ಪಾಲಿಲ್ಲ. ಅವತ್ತಿನವರೆಗೆ ಇರಬೇಕಾಗಿದ್ದು ಇಲ್ಲದೇ ಹೋದದ್ದು ಸರಿಯಾಗಿ ಇದೇ. 2006ರ ಅಕ್ಟೋಬರ್‌ನಲ್ಲಿ ರಾಜಿಯಾಗಿ ಏರ್ಪಾಡು ಖಾಯಂ ಆಯಿತು. ಬ್ರೂಕ್ ಹಾಲಿ ಹಿಲ್‌ಗೆ ಮರಳಿದ್ದರು.

ಒಂದು ಮಾತನ್ನು ಇಲ್ಲಿ ಬಿಡಬಾರದು. ಅದೇ ವರ್ಷದ ಡಿಸೆಂಬರ್‌ನಲ್ಲಿ ನ್ಯಾಯಮೂರ್ತಿಗಳು, ವೈದ್ಯಕೀಯ ಆರೈಕೆಯಲ್ಲಿ ಬೇಕೆಂದೇ ಹಿಂಸೆ ಕೊಟ್ಟರೆಂಬ ಆರೋಪ ರುಜುವಾತಾಗಿಲ್ಲ ಎಂದು ಬರೆದರು. ಸೋಫಾ, ನಾಯಿಗಳ ಕಥೆ ಇಂದಿಗೂ ಸಾಬೀತಾದ ಸತ್ಯವೆಂಬಂತೆ ಓಡಾಡುತ್ತದೆ. ಹಾಗೆ ಹೇಳುವುದು ತಪ್ಪು. ಸಾಬೀತಾದದ್ದು ಹಣದ ಕಥೆ, ಅದೂ ಇನ್ನೊಂದು ಕೋರ್ಟಿನಲ್ಲಿ.

ಜ್ಯೂರಿಯ ಮುಂದೆ

ಪಾಲಕರು ಬಂದ ಮೇಲೆ ಹಳೆಯ ಕಾಗದಗಳು ಹೊರಬಂದವು, ಮೂರನೆಯ ತಿದ್ದುಪಡಿಯ ಸಹಿಯ ಮೇಲೆ ಅನುಮಾನ ಹುಟ್ಟಿತು. 2007ರ ಆಗಸ್ಟ್ 13ರಂದು ಬ್ರೂಕ್ ತೀರಿಕೊಂಡರು, 105ನೆಯ ವಯಸ್ಸಿನಲ್ಲಿ. ನವೆಂಬರ್‌ನಲ್ಲಿ ಆಂಥನಿ ಮಾರ್ಷಲ್ ಮತ್ತು ಮಾರಿಸ್ಸಿ ಮೇಲೆ ಕ್ರಿಮಿನಲ್ ದೋಷಾರೋಪ. 2009ರ ವಸಂತದಲ್ಲಿ ಶುರುವಾದ ವಿಚಾರಣೆ ಅಕ್ಟೋಬರ್ 8ರ ತೀರ್ಪಿನವರೆಗೆ ನಡೆಯಿತು. ಜ್ಯೂರಿ ಆಂಥನಿಯನ್ನು 16ರಲ್ಲಿ 14 ಆರೋಪಗಳಲ್ಲಿ ತಪ್ಪಿತಸ್ಥರೆಂದಿತು. ಎಲ್ಲಕ್ಕಿಂತ ಭಾರದ್ದು, ತಾಯಿಯ ಹಣ ನೋಡಿಕೊಂಡದ್ದಕ್ಕೆ ತಾವೇ ಹಿಂದಿನ ದಿನಾಂಕದಿಂದ ಸುಮಾರು 10 ಲಕ್ಷ ಡಾಲರ್ ಸಂಬಳ ಏರಿಸಿಕೊಂಡದ್ದು. ಸಹಿಯ ಫೋರ್ಜರಿ ಮಾರಿಸ್ಸಿ ತಲೆಗೆ ಬಂತು.

ಸಂಬಳದ ಏರಿಕೆ ಉಳಿದೆಲ್ಲಕ್ಕಿಂತ ಭಾರವಾದದ್ದಕ್ಕೆ ಕಾರಣ ಸರಳ. ಉಡುಗೊರೆ, ಉಯಿಲುಗಳಲ್ಲಿ ‘ಅಮ್ಮನೇ ಕೊಟ್ಟರು’ ಎನ್ನಬಹುದು. ಸಂಬಳ ಕೊಡುವವರೂ ತೆಗೆದುಕೊಳ್ಳುವವರೂ ಒಬ್ಬರೇ ಆದಲ್ಲಿ ಆ ಮಾತಿಗೆ ಜಾಗವಿಲ್ಲ.

ಶಿಕ್ಷೆ ಒಂದರಿಂದ ಮೂರು ವರ್ಷ. 2013ರ ಮಾರ್ಚ್‌ನಲ್ಲಿ ಮೇಲ್ಮನವಿ ಕೋರ್ಟ್ ತೀರ್ಪಿನ ಬಹುಪಾಲನ್ನು ಎತ್ತಿಹಿಡಿಯಿತು, ಜೂನ್‌ನಲ್ಲಿ ಆಂಥನಿ ಜೈಲಿಗೆ ಹೋದರು. ಆರೋಗ್ಯದ ಕಾರಣಕ್ಕೆ ಆಗಸ್ಟ್‌ನಲ್ಲೇ ಬಿಡುಗಡೆಯಾಗಿ, 2014ರ ನವೆಂಬರ್ 30ರಂದು 90ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಊರಿಗೆ ಬಂದದ್ದು

ಆಸ್ತಿಯ ವ್ಯಾಜ್ಯ ಬೇರೆಯೇ ದಾರಿಯಲ್ಲಿ ನಡೆದಿತ್ತು. ದಾನಕ್ಕೆ ಬಿಟ್ಟ ಹಣದ ಪರವಾಗಿ ನಿಲ್ಲುವ ಹೊಣೆ ಅಲ್ಲಿ ರಾಜ್ಯದ ಅಟಾರ್ನಿ ಜನರಲ್ ಅವರದು. ಬಹಳ ಒಳ್ಳೆಯ ಏರ್ಪಾಡು ಇದು. ಪಾರ್ಕಿಗೆ, ಶಾಲೆಗೆ ಬಿಟ್ಟ ಹಣ ಕೈತಪ್ಪಿದರೆ ಆ ಪಾರ್ಕಿನಲ್ಲಿ ಓಡಾಡುವವರು ಕೋರ್ಟಿಗೆ ಬರುವುದಿಲ್ಲ. 2012ರ ಮಾರ್ಚ್‌ನಲ್ಲಿ ಆದ ರಾಜಿಗೆ 2002ರ ಉಯಿಲೇ ಬುನಾದಿ. ಮಗನ ಪಾಲು ಅರ್ಧಕ್ಕಿಂತ ಕೆಳಗಿಳಿದು 1.45 ಕೋಟಿ ಡಾಲರ್‌ಗೆ ನಿಂತಿತು. ಸುಮಾರು 10 ಕೋಟಿ ಡಾಲರ್ ದಾನಸಂಸ್ಥೆಗಳ ಕಡೆಗೆ ತಿರುಗಿತು. ಸಾದ್‌ಬೀಸ್ ಸಂಸ್ಥೆ ಅದೇ ಸೆಪ್ಟೆಂಬರ್‌ನಲ್ಲಿ ಮನೆಯ ಒಡವೆ, ಪೀಠೋಪಕರಣ, ಚಿತ್ರಗಳನ್ನು ಹರಾಜು ಹಾಕಿದಾಗ ಬಂದದ್ದು ಸುಮಾರು 1.88 ಕೋಟಿ.

ಹಂಚಿಕೆಯಲ್ಲಿ ಲೈಬ್ರರಿ, ಮೆಟ್ರೊಪಾಲಿಟನ್ ಮ್ಯೂಸಿಯಂ, ಸೆಂಟ್ರಲ್ ಪಾರ್ಕ್, ಪ್ರಾಸ್ಪೆಕ್ಟ್ ಪಾರ್ಕ್ ಎಲ್ಲ ಇದ್ದವು. 3 ಕೋಟಿ ಡಾಲರ್ ಬ್ರೂಕ್ ಆಸ್ಟರ್ ಹೆಸರಿನ ಹೊಸ ನಿಧಿಯಾಗಿ ನ್ಯೂಯಾರ್ಕ್ ನಗರದ ಮಕ್ಕಳ ಓದಿಗೆ ಹೋಯಿತು. ಹ್ಯಾಸಮ್ ಚಿತ್ರ ಮಾತ್ರ ಮ್ಯೂಸಿಯಂಗೆ ಬರಲಿಲ್ಲ. ಆಗಲೇ ಮಾರಾಟವಾಗಿದ್ದ ವಸ್ತು ಯಾವ ಉಯಿಲಿನ ಲೆಕ್ಕಕ್ಕೂ ಸಿಗುವುದಿಲ್ಲ.